ಓದೂ ಪಾಟಿ ತಗೊಳ್ಳೂ ಮುಂಚೆ: ಕಲ್ಲಿನಿಂದ ಕೈಗೆ ಬಂದ ಪುಸ್ತಕದ ಕಥಿ

ಈ ತಿಂಗಳದಾಗ ಮೂರು ಮಂದಿ ನನಗ ಒಂದೇ ಪ್ರಶ್ನಿ ಕೇಳಿದ್ರು. ನಮ್ಮ ನೆಗೆಣ್ಣಿ ಫೋನ್ ಹಚ್ಚಿ ಕೇಳಿದ್ಲು, ಬಾಜೂ ಮನಿ ವೈನಿ ಕಟ್ಟಿ ಮ್ಯಾಲ ಕುಂತು ಕೇಳಿದ್ರು, ಇಳಕಲ್ಲಿನ ಚಿಗವ್ವ ವಾಟ್ಸಾಪಿನ್ಯಾಗ ಮಾತಾಡಿ ಕಳಿಸಿದ್ಲು: “ಸಾವಿರ ಪುಸ್ತಕ ಒಂದರಾಗ ಹಿಡೀತಾವಂತಲ್ಲ, ಆ ಓದೂ ಮಷೀನು, ಅದನ್ನ ತಗೋಬೇಕಂದ್ರ ಯಾವ್ದು ತಗೋಬೇಕವಾ?”

ಅಂಗಡ್ಯಾಗ ಅದಕ್ಕ ಇ-ರೀಡರ್ ಅಂತಾರ. ನಮ್ಮ ಮನ್ಯಾಗ ಅದಕ್ಕ ‘ಓದೂ ಪಾಟಿ’ ಅಂತ ಹೆಸರು ಬಿದ್ದೈತಿ, ಯಾಕಂದ್ರ ನೋಡಾಕ ಅದು ನಾವು ಸಾಲಿಗೆ ಒಯ್ಯತಿದ್ದ ಪಾಟಿ ಇದ್ದಂಗ ಐತಿ. ಇಂಥಾ ಕಂಪನಿದು ತಗೋರಿ ಅಂತ ಒಂದು ಮಾತಿನ್ಯಾಗ ಹೇಳಿ ಮುಗಿಸಬಹುದಿತ್ತು. ಆದ್ರ ಕಂಪನಿ ಹೆಸರು ವರ್ಷಾ ವರ್ಷಾ ಬದಲಾಗ್ತಾವ, ಆರಿಸೂ ಅಳತಿ ಬದಲಾಗಂಗಿಲ್ಲ. ನಮ್ಮ ಬಾದಾಮಿ ಗುಡ್ಡದ ಕಲ್ಲಿನಿಂದ ಹಿಡಿದು ಇವತ್ತಿನ ತನಕಾ ಓದೂ ವಸ್ತುವಿಗೆ ಅಳತಿ ಮೂರು. ಕೈಗೆ ಹಗುರ ಇರಬೇಕು. ಕಣ್ಣಿಗೆ ಹಿತ ಇರಬೇಕು. ನಮ್ಮ ಅಕ್ಷರ ಅದಕ್ಕ ಬರಬೇಕು. ಮೊದಲಿನ ಎರಡನ್ನ ಎಲ್ಲಾರೂ ನೋಡ್ತಾರ, ಮೂರನೇದ್ದನ್ನ ಮರೀತಾರ. ಅದಕ್ಕ ಈ ಸಲ ಸ್ವಲ್ಪ ಹಿಂದಿಂದ ಶುರು ಮಾಡ್ತೀನಿ. ಚಹಾ ಹಿಡಕೊಂಡು ಕುಂದರ್ರಿ.

ಹೋಗಿ ಓದಬೇಕಾದ ಪುಸ್ತಕ

ನಮ್ಮೂರಾಗ ಪುಸ್ತಕಕ್ಕಿಂತ ಮೊದಲ ಕಲ್ಲು ಇತ್ತು. ಬಾದಾಮಿ ಗುಡ್ಡದ ಬಂಡಿ ಮ್ಯಾಲ ಒಂದನೇ ಪುಲಕೇಶಿ ತಾನು ಕೋಟಿ ಕಟ್ಟಿಸಿದ್ದನ್ನ ಬರಸ್ಯಾನ. ಅದು ಶಕ ವರ್ಷ 465, ಅಂದ್ರ ಕ್ರಿ.ಶ. 543. ಅದು ಸಂಸ್ಕೃತದಾಗ ಐತಿ. ಮುಂದ 578ರಾಗ ಮಂಗಳೇಶ ಮೂರನೇ ಗವಿಯೊಳಗ ಬರಸಿದ್ದೂ ಸಂಸ್ಕೃತನ. ಆದ್ರ ಅದೇ ಗವಿ ಹತ್ತಿರ ಮಂಗಳೇಶಂದೇ ಇನ್ನೊಂದು ಸಣ್ಣ ಶಾಸನ ಐತಿ, ಅದು ಕನ್ನಡದಾಗ. ಅದರಾಗ ಬರೂದು ದೇವರಿಗೆ ಬಿಟ್ಟ ಊರು, ಮಾಲಿ ಕಟ್ಟೂವರ ಪಾಲು, ಇಂಥಾ ಮಾತು. ನೋಡ್ರಿ ಹೆಂಗೈತಿ. ಅರಸನ ದೊಡ್ಡಸ್ತಿಕಿ ಹೇಳೂವಾಗ ಸಂಸ್ಕೃತ, ಹೂವು ಕಟ್ಟೂವರ ಪಾಲು ಹೇಳೂವಾಗ ಕನ್ನಡ. ಯಾರಿಗೆ ಗೊತ್ತಾಗಬೇಕೋ ಅವರ ಮಾತಿನ್ಯಾಗ ಬರದಾರ.

ಹೊಂಡದ ಆಚೆ ತಟ್ಟುಕೋಟಿ ಕಡೆ ಹ್ವಾದ್ರ ಕಪ್ಪೆ ಅರಭಟ್ಟನ ಶಾಸನ ಐತಿ, ಸುಮಾರು 700ನೇ ಇಸವಿದು. ಕನ್ನಡದ ತ್ರಿಪದಿ ಬರವಣಿಗಿ ರೂಪದಾಗ ನಮಗ ಸಿಗೂದು ಮೊದಲ ಅಲ್ಲೇ. ಈ ತ್ರಿಪದಿ ಅಂದ್ರ ಬ್ಯಾರೆ ಏನಲ್ಲ, ನಮ್ಮ ಆಯಿ ನಸುಕಿನ್ಯಾಗ ಬೀಸೂಕಲ್ಲಿನ ಮುಂದ ಕುಂತು ಹಾಡ್ತಿದ್ದ ಹಾಡಿನ ಧಾಟಿ. ಆಕಿಗೆ ಓದಾಕ ಬರತಿರಲಿಲ್ಲ. ಗುಡ್ಡದ ಮ್ಯಾಲ ಕೊರದಿದ್ದ ಧಾಟಿ ಆಕಿ ಬಾಯಾಗ ಇತ್ತು, ಕಲ್ಲಿನ ಅಕ್ಷರ ಮಾತ್ರ ಆಕಿಗೆ ಸಿಗಲಿಲ್ಲ.

ಕಲ್ಲಿನ ಪುಸ್ತಕ ಸಾವಿರ ವರ್ಷ ಬಾಳ್ತೈತಿ, ಆದ್ರ ಮನಿಗೆ ಬರೂದಿಲ್ಲ. ನಾವೇ ಗುಡ್ಡ ಹತ್ತಿ ಹೋಗಿ ನಿಂತು ಓದಬೇಕು. ಮಹಾಕೂಟದಾಗ ಇದ್ದ ಮಂಗಳೇಶನ ಕಾಲದ ಶಾಸನದ ಕಂಬ ಈಗ ವಿಜಯಪುರದ ಮ್ಯೂಜಿಯಮಿನ್ಯಾಗ ಐತಿ. ಒಂದು ಬರಹ ಒಂದು ಊರಿಂದ ಇನ್ನೊಂದು ಊರಿಗೆ ಹೋಗಬೇಕಾದ್ರ ಕಂಬನ ಕಿತ್ತು ಒಯ್ಯಬೇಕಾತು! ಮನಿ ಕೆಲಸ ಬಿಟ್ಟು ಹೊರಗ ಹೋಗಾಕ ಪುರಸತ್ತಿಲ್ಲದ ಹೆಣ್ಮಗಳಿಗೆ ಇಂಥಾ ಪುಸ್ತಕ ಇದ್ದೂ ಇಲ್ಲದಂಗ.

ಗಂಟು ಕಟ್ಟಿ ಒಯ್ಯೂ ಪುಸ್ತಕ

ಮನಿಗೆ ಬಂದ ಮೊದಲನೇ ಪುಸ್ತಕ ಅಂದ್ರ ಓಲೆಗರಿ. ತಾಳಿ ಗರಿ ಒಣಗಿಸಿ, ಒಂದೇ ಅಳತಿಗೆ ಕತ್ತರಿಸಿ, ಕಬ್ಬಿಣದ ಕಂಟದಿಂದ ಅಕ್ಷರ ಕೊರೀತಿದ್ರು. ಕೊರದ ಅಕ್ಷರ ಕಣ್ಣಿಗೆ ಕಾಣೂ ಹಂಗ ಮಸಿ ತಿಕ್ಕಿ ಒರಸ್ತಿದ್ರು. ಗರಿಗೆ ತೂತು ಹಾಕಿ, ದಾರ ಪೋಣಿಸಿ, ಮ್ಯಾಲ ಕೆಳಗ ಕಟಗಿ ಪಟ್ಟಿ ಇಟ್ಟು, ಬಟ್ಟಿಯೊಳಗ ಸುತ್ತಿ ಇಡೂದು. ಬಗಲಾಗ ಇಟಗೊಂಡು ಹತ್ತು ಊರು ತಿರಗಬಹುದು. ಹಗುರದ ಲೆಕ್ಕದಾಗ ಕಲ್ಲಿಗಿಂತ ಎಷ್ಟೋ ಮ್ಯಾಲು.

ಆದ್ರ ಕಣ್ಣಿನ ಲೆಕ್ಕದಾಗ ಅದು ಸಸಾರ ಇರಲಿಲ್ಲ. ಗರಿ ಅಗಲ ಎರಡು ಮೂರು ಬೆರಳು. ಜಾಗಾ ಉಳಸಾಕ ಶಬ್ದ ಶಬ್ದಕ್ಕ ನಡುವ ತೆರವು ಬಿಡತಿರಲಿಲ್ಲ, ಸಾಲು ಸಾಲಿಗೆ ಹೊಂದಿಸಿ ಸಣ್ಣಾಗಿ ಬರೀತಿದ್ರು. ಓದಾಕ ರೂಢಿ ಬೇಕು, ಕಲಿಸೂ ಗುರು ಬೇಕು. ಹುಳಾ ಹತ್ತಿದ್ರ ಹೋತು, ಮತ್ತ ಹೊಸಾ ಗರಿ ಮ್ಯಾಲ ನಕಲು ಮಾಡಬೇಕು. ಹಿಂಗಾಗಿ ಕಟ್ಟುಗೋಳು ಮಠದಾಗ, ಪಂಡಿತರ ಮನಿ ಅಟ್ಟದ ಮ್ಯಾಲ, ದೇವರ ಜಗಲಿ ಮ್ಯಾಲ ಉಳದೂ. ಪೂಜಿ ಆತು, ಓದು ಆಗಲಿಲ್ಲ.

ಅವನ್ನ ಕೆಳಗ ಇಳಸಿದವರು ನಮ್ಮ ಕಡೆಯವರೇ, ಫ. ಗು. ಹಳಕಟ್ಟಿ ಅವರು. 1880ರಾಗ ಧಾರವಾಡದಾಗ ಹುಟ್ಟಿ, ವಿಜಯಪುರದಾಗ ವಕೀಲಿ ಮಾಡ್ತಿದ್ದ ಮನಷ್ಯಾ. ವಚನದ ಓಲೆಗರಿ ಹುಡುಕಿಕೊಂಡು ಊರೂರು ತಿರಗಿದ್ರು. 1923ರಾಗ ‘ವಚನಶಾಸ್ತ್ರಸಾರ’ ಮೊದಲನೇ ಭಾಗ ಹೊರಗ ಬಂತು. ವಚನ ಅಚ್ಚು ಮಾಡೂ ಸಲುವಾಗಿ ಇದ್ದ ಸ್ವಂತ ಮನಿ ಮಾರಿ ‘ಹಿತಚಿಂತಕ’ ಅಂತ ಛಾಪಖಾನಿ ಹಾಕಿದ್ರು, 1926ರಿಂದ ‘ಶಿವಾನುಭವ’ ಪತ್ರಿಕೆ ನಡೆಸಿದ್ರು. ಇವತ್ತು ಅಕ್ಕಮಹಾದೇವಿ ವಚನ ನಮ್ಮ ಅಡಗಿಮನ್ಯಾಗಿನ ಮೊಬೈಲಿನ್ಯಾಗ ಬರ್ತಾವಂದ್ರ, ಅದರ ಹಿಂದ ಆ ಮಾರಿದ ಮನಿ ಐತಿ.

ಬರದು ಒರಸಿ ಬರಿಯೂ ಪುಸ್ತಕ

ಇನ್ನೊಂದು ವಸ್ತು ಐತಿ, ಅದರ ಹೆಸರು ಉಳದೈತಿ, ವಸ್ತು ಮರತೀವಿ. ಅದು ಕಡತ. ಈಗ ಕಡತ ಅಂದ್ರ ಆಫೀಸಿನ ಫೈಲು. ಹಿಂದ ಕಡತ ಅಂದ್ರ ಬಟ್ಟಿ ಪುಸ್ತಕ. ಬಟ್ಟಿಗೆ ಹುಣಚಿ ಬೀಜದ ಅಂಟು, ಇದ್ದಲಿ ಪುಡಿ ಕೂಡಿಸಿ ಬಳದು ಒಣಗಿಸಿದ್ರ ಕರ್ರಗ ಗಟ್ಟಿ ಆಗ್ತಿತ್ತು. ಅದನ್ನ ಪಂಚಾಂಗದ ಹಂಗ ಹಿಂದ ಮುಂದ ಮಡಚಿ ಇಡೂದು. ಬಳಪದಿಂದ ಬರದ್ರ ಬೆಳ್ಳಗ ಕಾಣತೈತಿ. ಬ್ಯಾಡಾದ್ರ ಒರಸಿ ಮತ್ತ ಬರೀಬಹುದು. ವ್ಯಾಪಾರದವರು, ಲೆಕ್ಕ ಬರಿಯೂವರು ಇದನ್ನೇ ಬಳಸ್ತಿದ್ರು.

ಈ ಕಡತನ ನೆಪ್ಪಿನ್ಯಾಗ ಇಟಗೋರಿ, ಮುಂದ ಕೆಲಸಕ್ಕ ಬರ್ತೈತಿ. ನಾವು ಸಾಲ್ಯಾಗ ಹಿಡದ ಪಾಟಿ ಇದರ ತಂಗಿ ಇದ್ದಂಗ. ಈಗಿನ ಓದೂ ಪಾಟಿ ಇದರ ಮೊಮ್ಮಗಳು.

ಟಪಾಲಿನ್ಯಾಗ ಬಂದ ಪುಸ್ತಕ

ಕನ್ನಡ ಅಕ್ಷರ ಅಚ್ಚಿಗೆ ಬಂದದ್ದು ನಮ್ಮ ನಾಡಿನ್ಯಾಗ ಅಲ್ಲ. 1817ರಾಗ ಬಂಗಾಲದ ಶ್ರೀರಾಮಪುರದಾಗ ವಿಲಿಯಂ ಕೇರಿ ಕನ್ನಡ ವ್ಯಾಕರಣ ಅಚ್ಚು ಹಾಕಿಸಿದ. 1843ರಾಗ ಮೊದಲನೇ ಕನ್ನಡ ಪತ್ರಿಕೆ ‘ಮಂಗಳೂರು ಸಮಾಚಾರ’ವನ್ನ ಹರ್ಮನ್ ಮೊಗ್ಲಿಂಗ್ ಹೊರಗ ತಂದ. ಅದು ಕಲ್ಲಚ್ಚಿನ್ಯಾಗ ಬಂತು, ಅಂದ್ರ ಕಲ್ಲಿನ ಮ್ಯಾಲ ಬರದು ಕಾಗದಕ್ಕ ಒತ್ತೂದು. ಕಲ್ಲಿನಿಂದ ಶುರುವಾದ ನಮ್ಮ ಓದು ಮತ್ತ ಕಲ್ಲಿಗೆ ಹೋಗಿ ಬಂತು! ಆದ್ರ ಈ ಸಲ ಒಂದು ಕಲ್ಲಿನಿಂದ ನೂರು ಹಾಳಿ ಬಂದೂ, ಹಾಳಿ ಮನಿ ಮನಿಗೆ ಹ್ವಾದೂ.

ಕನ್ನಡದ ಅಚ್ಚಿನ ಮೊಳಿ ಮಾಡೂದು ಇಂಗ್ಲಿಷಿನಷ್ಟು ಸಸಾರ ಅಲ್ಲ. ಇಂಗ್ಲಿಷಿಗೆ 26 ಅಕ್ಷರ, ಸಣ್ಣದು ದೊಡ್ಡದು ಕೂಡಿ 52. ನಮಗ ಕಾಗುಣಿತ ಬೇಕು, ಕೆಳಗ ಒತ್ತಕ್ಷರ ಬೇಕು, ಬಾಜೂಕ ಅರ್ಕಾವತ್ತು ಬೇಕು. ಒಂದು ಛಾಪಖಾನ್ಯಾಗ ನೂರಾರು ನಮೂನಿ ಮೊಳಿ ಇಟಗೋಬೇಕು. ಯಂತ್ರ ಯಾವುದೇ ಬರಲಿ, ನಮ್ಮ ಒತ್ತಕ್ಷರಕ್ಕ ಬ್ಯಾರೆ ದುಡಿಮಿ ಮಾಡಬೇಕಾಗ್ತೈತಿ. ಇದು ಆವಾಗಿಂದ ಇವತ್ತಿನ ತನಕಾ ನಡದು ಬಂದ ಮಾತು.

ನಮ್ಮಂಥಾ ಊರಿನ ಹೆಣ್ಮಕ್ಕಳ ಕೈಗೆ ಪುಸ್ತಕ ಖರೇನ ಬಂದದ್ದು ಟಪಾಲಿನಿಂದ. 1933ರಾಗ ಧಾರವಾಡದಾಗ ಜಿ. ಬಿ. ಜೋಶಿ ಅವರು ಮನೋಹರ ಗ್ರಂಥಮಾಲಾ ಶುರು ಮಾಡಿದ್ರು. ಚಂದಾ ಕಟ್ಟಿದ್ರ ಪುಸ್ತಕ ಮನಿ ಬಾಗಲಿಗೆ ಬರ್ತಿತ್ತು. ಪ್ಯಾಟಿಗೆ ಹೋಗಿ, ಅಂಗಡಿ ಹುಡುಕಿ, ಗಂಡಸರ ನಡುವ ನಿಂತು ಆರಸೂ ಕೆಲಸ ಇಲ್ಲ. 1956ರಾಗ ಹುಬ್ಬಳ್ಳಿಯಿಂದ ‘ಕಸ್ತೂರಿ’ ಮಾಸಪತ್ರಿಕೆ ಬಂತು. ಅದರ ಗಾತ್ರ ಸಣ್ಣದು, ಒಂದು ಕೈಯಾಗ ಹಿಡೀತಿತ್ತು.

ನಮ್ಮ ಅವ್ವ ಕಸ್ತೂರಿಯನ್ನ ಅಡಗಿಮನಿ ಮಾಡದಾಗ ಇಡ್ತಿದ್ಲು, ಉಪ್ಪಿನ ಭರಣಿ ಬಾಜೂಕ. ರೊಟ್ಟಿ ಬಡಿಯೂದು ಮುಗದು ಹಂಚು ಆರೂ ತನಕಾ ಆಕಿಗೆ ಪುರಸತ್ತು. ಅಷ್ಟರಾಗ ನಾಕು ಪುಟ ಓದ್ತಿದ್ಲು. ಯಾರರೆ ಕರದ್ರ ಪುಟದ ನಡುವ ಒಂದು ಕಡ್ಡಿ ಇಟ್ಟು ಏಳ್ತಿದ್ಲು. ದೊಡ್ಡ ಪುಸ್ತಕ ಆಗಿದ್ರ ಆಕಿ ಓದತಿರಲಿಲ್ಲ, ಯಾಕಂದ್ರ ದೊಡ್ಡ ಪುಸ್ತಕಕ್ಕ ಎರಡು ಕೈ ಬೇಕು, ಕುಂದ್ರಾಕ ಜಾಗಾ ಬೇಕು, ವ್ಯಾಳ್ಯಾ ಬೇಕು. ದಿನಾ ಓದು ಅಂದ್ರ ನಮ್ಮಂಥಾವರಿಗೆ ಹಂಚು ಆರೂ ಹೊತ್ತಿನ ಓದು. ಓದೂ ಪಾಟಿ ಆರಸೂವಾಗ ಇದನ್ನ ಮರೀಬ್ಯಾಡ್ರಿ.

ಒಬ್ಬ ಸಾಲಿ ಬಾಯಿಯವರ ಯೋಚನಿ

ಈ ಓದೂ ಪಾಟಿ ಕಂಪ್ಯೂಟರಿನ ಹುಡುಗರು ಮೊದಲ ಕಂಡ ಕನಸು ಅಂತ ಎಲ್ಲಾರೂ ತಿಳಕೊಂಡಾರ. ಕಂಪ್ಯೂಟರ್ ಮನಿ ಮನಿಗೆ ಬರೂ ಎಷ್ಟೋ ಮೊದಲ ಒಬ್ಬ ಸಾಲಿ ಬಾಯಿಯವರು ಇದನ್ನ ಯೋಚಿಸಿದ್ರು. ಅವರ ಹೆಸರು ಆಂಹೆಲಾ ರುಯಿಸ್ ರೋಬ್ಲೆಸ್. ಸ್ಪೇನ್ ದೇಶದವರು, 1895ರಾಗ ಹುಟ್ಟಿದವರು. ಗಂಡ ತೀರಿಕೊಂಡ ಮ್ಯಾಲ ಮೂರು ಹೆಣ್ಮಕ್ಕಳನ್ನ ಬೆಳಸಿಕೋತ ಸಾಲಿ ಕಲಿಸ್ತಿದ್ರು. ಹುಡುಗರು ಭಾರದ ಚೀಲ ಹೊತ್ತು ಬರೂದನ್ನ ನೋಡಿ ಅವರಿಗೆ ಅನಿಸಿದ್ದು ಇಷ್ಟೇ: ಎಲ್ಲಾ ಪಾಠ ಒಂದೇ ಹಗುರ ಪೆಟಗ್ಯಾಗ ಯಾಕ ಇರಬಾರದು?

1949ರಾಗ ಅವರು ಯಾಂತ್ರಿಕ ಪುಸ್ತಕಕ್ಕ ಪೇಟೆಂಟ್ ಪಡಕೊಂಡ್ರು. ಪಾಠ ಅಚ್ಚು ಮಾಡಿದ ಸುರುಳಿ ಒಳಗ ಇಟ್ಟು ತಿರುವೂದು, ಬ್ಯಾರೆ ಪಾಠ ಬೇಕಾದ್ರ ಸುರುಳಿ ಬದಲ ಮಾಡೂದು. ಕತ್ತಲದಾಗ ಓದಾಕ ದೀಪ, ಅಕ್ಷರ ದೊಡ್ಡದು ಕಾಣಾಕ ಭೂತಗನ್ನಡಿ, ಇವೂ ಅವರ ಯೋಚನ್ಯಾಗ ಇದ್ದೂ. 1962ರಾಗ ಒಂದು ಮಾದರಿ ತಯಾರಾತು. ಮಾರಾಟಕ್ಕ ಬರಲೇ ಇಲ್ಲ. ಆ ಮಾದರಿ ಈಗ ಸ್ಪೇನಿನ ವಿಜ್ಞಾನ ಮ್ಯೂಜಿಯಮಿನ್ಯಾಗ ಐತಿ. ಹಗುರ ಚೀಲ, ದೀಪ, ದೊಡ್ಡ ಅಕ್ಷರ, ಈ ಮೂರನ್ನೂ ಕೇಳಿದ ಆ ಬಾಯಿಯವರು 1975ರಾಗ ತೀರಿಕೊಂಡ್ರು. ಮೂರೂ ಕೂಡಿ ಒಂದೇ ಪಾಟ್ಯಾಗ ಮನಿ ಮನಿಗೆ ಬರಾಕ ಮುಂದ ಸುಮಾರು ನಾಲ್ವತ್ತು ವರ್ಷ ಹಿಡೀತು.

ಕರೆಂಟಿನ ಕಡತ

ಈಗ ಮಷೀನಿಗೆ ಬರೂಣು. 1971ರಾಗ ಅಮೇರಿಕಾದಾಗ ಮೈಕೆಲ್ ಹಾರ್ಟ್ ಅನ್ನೂವರು ಹಳೇ ಬರಹಗಳನ್ನ ಕಂಪ್ಯೂಟರಿನ್ಯಾಗ ಟೈಪ್ ಮಾಡಿ ಎಲ್ಲಾರಿಗೂ ಬಿಟ್ಟಿ ಕೊಡೂ ಕೆಲಸ ಶುರು ಮಾಡಿದ್ರು, ಅದರ ಹೆಸರು ಪ್ರಾಜೆಕ್ಟ್ ಗುಟೆನ್‌ಬರ್ಗ್. 1998ರಾಗ ರಾಕೆಟ್ ಇ-ಬುಕ್ ಅಂತ ಕೈಯಾಗ ಹಿಡಿಯೂ ಪಾಟಿ ಬಂತು. ಅದು ಅರ್ಧಾ ಕಿಲೋಕ್ಕೂ ಮ್ಯಾಲ ತೂಗ್ತಿತ್ತು. ಕಣ್ಣಿಗೂ ಹಿತ ಇರಲಿಲ್ಲ, ಯಾಕಂದ್ರ ಅದರ ಪರದಾ ಆಗಿನ ಕಂಪ್ಯೂಟರಿನ ಜಾತಿದು.

ದಾರಿ ಬದಲ ಮಾಡಿದ್ದು ಇ-ಇಂಕ್, ಅಂದ್ರ ಕರೆಂಟಿನ ಮಸಿ. 1997ರಾಗ ಅದರ ಕಂಪನಿ ಶುರುವಾತು. ಅದು ಕೆಲಸ ಮಾಡೂ ರೀತಿ ಕೇಳ್ರಿ. ಪರದಾದ ಒಳಗ ಕೂದಲೆಳಿ ಗಾತ್ರದ ಲಕ್ಷಗಟ್ಟಲೆ ಸಣ್ಣ ಗುಳ್ಳಿ ಇರ್ತಾವ. ಒಂದೊಂದು ಗುಳ್ಳ್ಯಾಗ ಕರೀ ಪುಡಿ, ಬಿಳೇ ಪುಡಿ. ಕರೆಂಟ್ ಕೊಟ್ರ ಕರೀದು ಮ್ಯಾಲ ಬರ್ತೈತಿ, ತಿರುವಿ ಕೊಟ್ರ ಬಿಳೇದು ಮ್ಯಾಲ ಬರ್ತೈತಿ. ಹಿಂಗ ಕರೀದು ಬಿಳೇದು ಕೂಡಿ ಅಕ್ಷರ ಮೂಡ್ತಾವ. ಒಮ್ಮೆ ಮೂಡಿದ ಅಕ್ಷರ ಕರೆಂಟ್ ಇಲ್ಲದನ ಹಂಗ ನಿಲ್ಲತಾವ. ಪುಟ ತಿರುವೂವಾಗ ಮಾತ್ರ ಕರೆಂಟ್ ಬೇಕು. ಬರದು ಒರಸಿ ಮತ್ತ ಬರಿಯೂ ನಮ್ಮ ಕಡತನ ಇದು, ಬಳಪದ ಬದಲಿ ಕರೆಂಟು, ಅಷ್ಟೇ.

ಮೊಬೈಲಿಗೂ ಇದಕ್ಕೂ ಇರೂ ಫರಕು ಇಲ್ಲೇ ಐತಿ. ಮೊಬೈಲಿನ ಪರದಾ ಕಣ್ಣಿಗೆ ಬೆಳಕು ಬಿಡ್ತೈತಿ. ಇ-ಇಂಕ್ ಕಾಗದದ ಹಂಗ, ಹೊರಗಿನ ಬೆಳಕಿನಿಂದ ಕಾಣತೈತಿ. ಬಿಸಲಾಗ ಕಟ್ಟಿ ಮ್ಯಾಲ ಕುಂತ್ರ ಮೊಬೈಲ್ ಮಂಕ ಆಗ್ತೈತಿ, ಇದು ಇನ್ನೂ ಚಂದ ಕಾಣತೈತಿ. ಒಮ್ಮೆ ಚಾರ್ಜ್ ಮಾಡಿದ್ರ ದಿನಾ ಸ್ವಲ್ಪ ಓದೂವರಿಗೆ ವಾರಗಟ್ಟಲೆ ಬರ್ತೈತಿ.

2004ರಾಗ ಸೋನಿ ಕಂಪನಿ ಜಪಾನಿನ್ಯಾಗ ಇಂಥಾ ಮೊದಲನೇ ಪಾಟಿ ಮಾರಾಟಕ್ಕ ತಂತು. 2007ರ ನವೆಂಬರ್ 19ಕ್ಕ ಅಮೆಜಾನಿನ ಕಿಂಡಲ್ ಬಂತು. ಬೆಲಿ 399 ಡಾಲರ್, ತೂಕ 300 ಗ್ರಾಮಿನ ಒಳಗ. ಐದೂವರಿ ತಾಸಿನ್ಯಾಗ ಇದ್ದಬದ್ದದ್ದೆಲ್ಲಾ ಖರ್ಚಾತು. 2009ರಿಂದ ಭಾರತಕ್ಕೂ ಕಳಸಾಕ ಹತ್ತಿದ್ರು, 2012ರಾಗ ಭಾರತದ ಕಿಂಡಲ್ ಅಂಗಡಿ ತೆಗದ್ರು. ಅದೇ 2012ರ ಸುಮಾರಿಗೆ ಪುಟದ ಮ್ಯಾಲ ಸಣ್ಣಗ ಬೆಳಕು ಬೀಳೂ ಪಾಟಿಗೋಳು ಬಂದೂ. ನಮ್ಮ ಕಡೆ ರಾತ್ರಿ ಕರೆಂಟ್ ಹೋದ್ರೂ ಓದಬಹುದು. 2022ರ ಸಣ್ಣ ಕಿಂಡಲ್ ತೂಕ 158 ಗ್ರಾಂ, ಪಾವ್ ಕಿಲೋಕ್ಕೂ ಕಡಿಮಿ. ಹಗುರ ಆತು, ಕಣ್ಣಿಗೆ ಹಿತ ಆತು. ಮೂರನೇ ಅಳತಿ ಏನಾತು?

ನಮ್ಮ ಅಕ್ಷರದ ಪಾಳಿ

1991ರಾಗ ಜಗತ್ತಿನ ಭಾಷಾಗಳಿಗೆಲ್ಲಾ ಕಂಪ್ಯೂಟರಿನ್ಯಾಗ ಒಂದೊಂದು ಖಾಯಂ ಜಾಗಾ ಕೊಡೂ ಯೂನಿಕೋಡ್ ಪದ್ಧತಿ ಬಂತು. ಕನ್ನಡಕ್ಕ ಅದರಾಗ 128 ಮನಿ ಸಿಕ್ಕೂ. 1998ರಾಗ ಶೇಷಾದ್ರಿವಾಸು ಅವರ ‘ಬರಹ’ ಬಂತು, ಅದರಿಂದ ಎಷ್ಟೋ ಮಂದಿ ಕನ್ನಡ ಟೈಪ್ ಮಾಡಾಕ ಕಲಿತ್ರು. ಆದ್ರ ಮನಿ ಸಿಕ್ಕ ಮಾತ್ರಕ್ಕ ಸಂಸಾರ ನಡಿಯೂದಿಲ್ಲ. ‘ಕ್ಷ’ ಅಂತ ತೋರಸಬೇಕಾದ್ರ ಕಂಪ್ಯೂಟರ್ ‘ಕ’, ಒಂದು ಕೊಂಡಿ, ‘ಷ’ ಅಂತ ಮೂರು ಬಿಡಿ ತುಣುಕು ಇಟಗೊಂಡಿರ್ತೈತಿ. ಅವನ್ನ ಕೂಡಿಸಿ, ಒತ್ತು ಕೊಟ್ಟು, ಸರಿಯಾದ ಜಾಗಾದಾಗ ಕುಂದರಸೂ ಬುದ್ಧಿ ಆ ಮಷೀನಿಗೆ ಕಲಿಸಿರಬೇಕು. ಕಲಿಸಿರದಿದ್ರ ಅಕ್ಷರ ಬಿಡಿ ಬಿಡಿ ಬೀಳ್ತಾವ, ಇಲ್ಲಾ ಖಾಲಿ ಡಬ್ಬಿ ಡಬ್ಬಿ ಕಾಣತಾವ. ಅಚ್ಚಿನ ಮೊಳಿ ಕಾಲದ ತ್ರಾಸೇ ಮತ್ತ ಬಂತು ನೋಡ್ರಿ.

2016ರ ಡಿಸೆಂಬರಿನ್ಯಾಗ ಕಿಂಡಲ್ ಅಂಗಡ್ಯಾಗ ಭಾರತದ ಐದು ಭಾಷಾದ ಪುಸ್ತಕ ಇಟ್ರು: ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳ. ಆ ಐದರಾಗ ಕನ್ನಡ ಇರಲಿಲ್ಲ. ಬಾಜೂಕಿನ ಸೊಲ್ಲಾಪುರದ ಮಂದಿಗೆ ಮರಾಠಿ ಸಿಕ್ತು, ನಮಗ ಸಿಗಲಿಲ್ಲ. ಪುಲಕೇಶಿ ಶಾಸನದ ಮುಂದ ನಿಂತ ಆಗಿನ ಕನ್ನಡದವರ ಹಂಗ ನಾವೂ ನಿಂತಿವಿ: ಬರಹ ಕಣ್ಣ ಮುಂದ ಐತಿ, ನಮ್ಮ ಮಾತಿನ್ಯಾಗ ಇಲ್ಲ.

ಕನ್ನಡದವರು ಸುಮ್ಮನ ಕುಂಡ್ರಲಿಲ್ಲ. ಮೈಲ್ಯಾಂಗ್ ಅಂತ ಕನ್ನಡದವರೇ ಆ್ಯಪ್ ಮಾಡಿದ್ರು, ಅದರಾಗ ಕನ್ನಡ ಇ-ಪುಸ್ತಕ, ಕೇಳೂ ಪುಸ್ತಕ ಸಿಗ್ತಾವ. ಗೂಗಲ್ ಪ್ಲೇ ಬುಕ್ಸಿನ್ಯಾಗ ಕನ್ನಡ ಪುಸ್ತಕ ಅದಾವ. ಕನ್ನಡ ವಿಕಿಸೋರ್ಸಿನ್ಯಾಗ ಬಿಟ್ಟಿ ಓದಬಹುದು. ‘ವಚನ ಸಂಚಯ’ ಅನ್ನೂ ತಾಣದಾಗ ಸಾವಿರಾರು ವಚನ ಹುಡುಕಿ ಓದಬಹುದು. ಹಳಕಟ್ಟಿ ಅವರು ಅಟ್ಟದಿಂದ ಇಳಸಿದ್ದನ್ನ ಈಗಿನ ಹುಡುಗರು ಗಾಳ್ಯಾಗ ಹಾರಸ್ಯಾರ. ಆದ್ರ ಇವೆಲ್ಲಾ ಬರೂದು ಆ್ಯಪಿನ್ಯಾಗ, ಬ್ರೌಸರಿನ್ಯಾಗ. ಅಂದ್ರ ಮೊಬೈಲ್, ಟ್ಯಾಬ್, ಇಲ್ಲಾ ಆಂಡ್ರಾಯ್ಡ್ ಇರೂ ಪಾಟಿ ಬೇಕು. ನಮ್ಮ ಆಯ್ಕಿ ಇಲ್ಲೇ ಅರ್ಧಾ ತೀರ್ಮಾನ ಆಗಿ ಹೋಗ್ತೈತಿ.

ಹಂಗಾರ ಯಾವ್ದು ತಗೋಬೇಕು?

ನೀವು ಓದೂದು ಬರೇ ಇಂಗ್ಲಿಷ್, ಹಿಂದಿ ಆದ್ರ ಕಿಂಡಲಿನಂಥಾ ಪಾಟಿ ಸಾಕು. ಹಗುರ, ಸಸಾರ, ಬ್ಯಾಟರಿ ಚಿಂತಿ ಇಲ್ಲ. ಸಾಲಿಗೆ ಹೋಗೂ ಮೊಮ್ಮಕ್ಕಳಿಗೂ ಛಲೋ, ಅದರಾಗ ರೀಲ್ಸ್ ಬರೂದಿಲ್ಲ.

ಕನ್ನಡ ಓದೂವರಾದ್ರ ಎರಡು ದಾರಿ. ಒಂದು, ಎಂಟು ಇಂಚಿನ ಸಾದಾ ಟ್ಯಾಬ್. ರೊಕ್ಕ ಕಡಿಮಿ, ಎಲ್ಲಾ ಆ್ಯಪ್ ನಡೀತಾವ, ಒತ್ತಕ್ಷರ ಸರಿ ಬರ್ತಾವ. ಆದ್ರ ಪರದಾ ಮೊಬೈಲಿನ ಜಾತಿದು. ಎರಡನೇದ್ದು, ಆಂಡ್ರಾಯ್ಡ್ ಇರೂ ಇ-ಇಂಕ್ ಪಾಟಿ, ಓನಿಕ್ಸ್ ಬೂಕ್ಸ್ ಅಂತ ಚೀನಾದ ಕಂಪನಿ ಮಾಡೂ ನಮೂನಿದು. ಕಾಗದದಂಥಾ ಪರದಾನೂ ಐತಿ, ಕನ್ನಡ ಆ್ಯಪೂ ನಡೀತಾವ. ರೊಕ್ಕ ಜಾಸ್ತಿ, ಪುಟ ತಿರುವೂದು ಸ್ವಲ್ಪ ನಿಧಾನ.

ನಾವು ಎರಡನೇ ದಾರಿ ಹಿಡದ್ವಿ, ನಮ್ಮ ಅತ್ತಿ ಸಲುವಾಗಿ. ಅತ್ತಿಗೆ ಎಂಬತ್ತು ದಾಟ್ಯಾವ. ಶ್ರಾವಣದಾಗ ಓಣಿ ಹೆಣ್ಮಕ್ಕಳನ್ನ ಕೂಡಿಸಿ ಪುರಾಣ ಓದ್ತಿದ್ದವರು. ಮೋತಿಬಿಂದು ಆಪರೇಶನ್ ಆದ ಮ್ಯಾಲೂ ಪುಸ್ತಕದ ಸಣ್ಣ ಅಕ್ಷರ ಅವರಿಗೆ ಕೂಡಲಿಲ್ಲ. “ನನ್ನ ಪಾಲಿನ ಓದು ಮುಗೀತವಾ” ಅಂತ ಚಸ್ಮಾ ತಗದು ಡಬ್ಬ್ಯಾಗ ಇಟ್ಟುಬಿಟ್ರು. ನಾಕು ವರ್ಷ ಒಂದು ಸಾಲು ಓದಲಿಲ್ಲ. ಟೀವಿ ಮುಂದ ಕುಂದ್ರತಿದ್ರು, ಮಾತು ಕಡಿಮಿ ಆತು. ಪಾಟಿ ಬಂದ ಮ್ಯಾಲ ನನ್ನ ಮಗಳು ಅಕ್ಷರವನ್ನ ಕಡ್ಲಿಕಾಳಿನಷ್ಟು ದೊಡ್ಡದು ಮಾಡಿಕೊಟ್ಲು. ಒಂದು ಪುಟಕ್ಕ ಆರೇಳು ಸಾಲು ಅಷ್ಟೇ. ಅತ್ತಿ ಮೊದಲನೇ ಸಾಲು ಬಾಯಿ ಬಿಟ್ಟು ಓದಿದ್ರು, ಎರಡನೇದ್ದು ಓದಿದ್ರು, ಆಮ್ಯಾಲ ಹೆಬ್ಬಟ್ಟಿನಿಂದ ಪುಟ ತಿರುವಿ ಸುಮ್ಮನ ಓದಕೋತ ಕುಂತ್ರು. ಚಹಾ ಆರಿ ಹೋತು. ಈಗ ದಿನಾ ಮುಂಜಾನಿ ಒಂದು ತಾಸು ಅದು ಅವರದು, ಯಾರೂ ಕೇಳೂಹಂಗಿಲ್ಲ.

ಕಣ್ಣು ಸೋತವರಿಗೆ ದೊಡ್ಡ ಅಕ್ಷರ ಅನ್ನೂದು ಬರೇ ಅನುಕೂಲ ಅಲ್ಲ, ಅದು ಓದು ಇರತೈತೋ ಹೋಗತೈತೋ ಅನ್ನೂ ಮಾತು. ಅದಕ್ಕ ಒಂದು ಎಚ್ಚರಿಕಿ. ಕನ್ನಡದ ಹಳೇ ಪುಸ್ತಕ ಬಾಳ ಕಡೆ ಪಿಡಿಎಫ್ ರೂಪದಾಗ ಸಿಗ್ತಾವ. ಅವು ಪುಟದ ಫೋಟೋ. ಫೋಟೋದಾಗಿನ ಅಕ್ಷರ ದೊಡ್ಡದು ಮಾಡಾಕ ಹೋದ್ರ ಪುಟನ ಹೊರಗ ಹೋಗ್ತೈತಿ, ಸಾಲು ಸಾಲಿಗೂ ಆ ಕಡೆ ಈ ಕಡೆ ಎಳಕೋತ ಓದಬೇಕು. ಟೈಪ್ ಮಾಡಿದ ಇ-ಪುಸ್ತಕ ಇರ್ತಾವ, ಇಪಬ್ ಅಂತಾರ. ಅವು ಅಕ್ಷರ ದೊಡ್ಡದಾದಂಗ ಸಾಲು ತಾವೇ ಹೊಂದಿಸಿಕೋತಾವ. ಪಿಡಿಎಫ್ ಜಾಸ್ತಿ ಓದೂವರು ಆರು ಇಂಚಿನ ಪಾಟಿ ತಗೋಬ್ಯಾಡ್ರಿ, ಹತ್ತು ಇಂಚಿಂದು ಬೇಕು. ಆವಾಗ ಹಗುರ ಹೋಗ್ತೈತಿ. ಒಂದು ಬೇಕಂದ್ರ ಒಂದು ಬಿಡಬೇಕು.

ಇನ್ನೊಂದು ಮಾತು, ಒಡೆತನದ್ದು. 2009ರ ಜುಲೈದಾಗ ಅಮೆಜಾನ್ ಕಂಪನಿ, ಮಾರಿದವರಿಗೆ ಹಕ್ಕು ಇರಲಿಲ್ಲ ಅಂತ, ಮಂದಿ ರೊಕ್ಕ ಕೊಟ್ಟು ತಗೊಂಡಿದ್ದ ಜಾರ್ಜ್ ಆರ್ವೆಲ್ಲನ ‘1984’ ಅನ್ನೂ ಪುಸ್ತಕವನ್ನ ಅವರ ಕಿಂಡಲಿನಿಂದ ದೂರಿಂದನ ಅಳಿಸಿ ಹಾಕ್ತು. ರೊಕ್ಕ ವಾಪಸ್ ಕೊಟ್ರು, ಖರೆ. ಆದ್ರ ಮನ್ಯಾಗಿನ ಪುಸ್ತಕ ಅಂಗಡಿಯವರು ರಾತ್ರೋರಾತ್ರಿ ಒಯ್ದಂಗ ಆತಲ್ಲ! 2025ರ ಫೆಬ್ರುವರಿಯಿಂದ, ಕೊಂಡ ಪುಸ್ತಕವನ್ನ ಕಂಪ್ಯೂಟರಿಗೆ ಇಳಿಸಿ ವೈರಿನಿಂದ ಪಾಟಿಗೆ ಹಾಕೂ ಅನುಕೂಲನೂ ಅವರು ತಗದ್ರು. ಅವ್ವನ ಕಸ್ತೂರಿಗೆ ಇಂಥಾ ಭಯ ಇರಲಿಲ್ಲ. ಅದಕ್ಕ ಜೀವದಂಥಾ ಪುಸ್ತಕ ನಾಕು ಇದ್ರ ಅವನ್ನ ಕಾಗದದಾಗೂ ಇಟಗೋರಿ. ಪಾಟಿ ಬಂತು ಅಂತ ಕಪಾಟು ಖಾಲಿ ಮಾಡಬ್ಯಾಡ್ರಿ.

ರೊಕ್ಕ ಕೊಡೂ ಮುಂಚೆ ಮಾಡೂ ಪರೀಕ್ಷಾ

ಅಂಗಡ್ಯಾಗಾಗಲಿ, ಅದಾಗಲೇ ತಗೊಂಡವರ ಮನ್ಯಾಗಾಗಲಿ, ಪಾಟಿ ಕೈಯಾಗ ಹಿಡದು ನೋಡ್ರಿ. ಮೊದಲ ಒಂದೇ ಕೈಯಾಗ ಐದು ನಿಮಿಷ ಹಿಡಿರಿ, ಮಣಿಕಟ್ಟು ನೋಯಬಾರದು. ಆಮ್ಯಾಲ ಕಿಡಕಿ ಹತ್ತಿರ ಒಯ್ದು ಬೆಳಕಿನ್ಯಾಗ ನೋಡ್ರಿ, ನಿಮ್ಮ ಮಾರಿ ಕನ್ನಡಿ ಹಂಗ ಕಾಣಬಾರದು. ಅಕ್ಷರ ಎಷ್ಟು ದೊಡ್ಡದು ಆಗ್ತೈತಿ ಅಂತ ಕಡೀತನಕಾ ಮಾಡಿ ನೋಡ್ರಿ. ಮನ್ಯಾಗ ಹಿರ್ಯಾರ ಸಲುವಾಗಿ ಆದ್ರ ಅವರನ್ನೇ ಕರಕೊಂಡು ಹೋಗ್ರಿ, ಅವರ ಕಣ್ಣು ನಮಗ ಗೊತ್ತಾಗೂದಿಲ್ಲ.

ಕಡೀಕ ಮಕ್ಕಳ ಕೈಲೆ ಮೊಬೈಲಿನ್ಯಾಗ ನಾಕು ಶಬ್ದ ಟೈಪ್ ಮಾಡಿಸಿ ಆ ಪಾಟಿಗೆ ಕಳಸ್ರಿ: ಸ್ತ್ರೀ, ಲಕ್ಷ್ಮಿ, ಸ್ವಾತಂತ್ರ್ಯ, ಅರ್ಥ. ಈ ನಾಕರಾಗ ಕನ್ನಡದ ಒತ್ತು, ದೀರ್ಘ, ಅರ್ಕಾವತ್ತು ಎಲ್ಲಾ ಬಂದೂ. ತ ಒತ್ತು ಸ ಬುಡಕ ಕುಂತಿರಬೇಕು, ಅರ್ಕಾವತ್ತು ಥ ಬಾಜೂಕ ನಿಂತಿರಬೇಕು. ನಾಕೂ ಸರಿ ಕಂಡ್ರ ರೊಕ್ಕ ಕೊಡ್ರಿ. ಅಕ್ಷರ ಬಿಡಿ ಬಿಡಿ ಆದ್ರ, ಅಂಗಡಿಯಾಂವ ಮುಂದ ಅಪ್‌ಡೇಟ್ ಬರ್ತೈತಿ ಅಂತ ಎಷ್ಟು ಹೇಳಿದ್ರೂ ಕೇಳಬ್ಯಾಡ್ರಿ, ಕೈ ಬೀಸಿಕೋತ ಮನಿಗೆ ಬರ್ರಿ.